ಶಿಲಾಕಂಠ ಬೀಳದ ಸಂಜೆ

ನಮ್ಮೂರಿಗೆ ಕರೆಂಟು ಹೊಸದಾಗಿ ಬಂದು, ಬಂದಷ್ಟೇ ಬೇಗ ಹೋಗುತ್ತಿದ್ದ ವರ್ಷಗಳವು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬೇವೂರಿನಿಂದ ಇನ್ನೂ ಒಳಗೆ, ಬಸ್ಸು ಬಂದರೆ ನಾಯಿಗಳು ಎದ್ದು ನಿಲ್ಲುತ್ತಿದ್ದ ಊರು ನಮ್ಮದು. ಸಾಲಿ ಪುಸ್ತಕ ಬಿಟ್ಟರೆ ಓದಲು ಸಿಗುತ್ತಿದ್ದದ್ದು ಕಿರಾಣಿ ಅಂಗಡಿಯ ರದ್ದಿ. ಬೆಲ್ಲ, ಪುಟಾಣಿ, ಚಹಾಪುಡಿ ಕಟ್ಟಿಕೊಡುತ್ತಿದ್ದ ಆ ಕಾಗದಗಳಲ್ಲಿ ಯಾವುದೋ ವಾರಪತ್ರಿಕೆಯ ಚಿತ್ರಕಥೆಯ ಹಾಳೆಗಳು ಆಗಾಗ ಇರುತ್ತಿದ್ದವು. ಅದರ ನಾಯಕನ ಹೆಸರು ಮಿಂಚುಗೈ. ಅವನು ಅಂಗೈ ಬಿಚ್ಚಿದರೆ ಸಾಕು, ಸಿಡಿಲು ಹೊರಡುತ್ತಿತ್ತು. ಎದುರಿಗೆ ಗುಡ್ಡ ಇದ್ದರೆ ಗುಡ್ಡ ಸೀಳುತ್ತಿತ್ತು, ಹಡಗು ಇದ್ದರೆ ಹಡಗು.

ತೊಂದರೆಯೆಂದರೆ ಹಾಳೆಗಳು ಸಾಲಾಗಿ ಬರುತ್ತಿರಲಿಲ್ಲ. ಬೆಲ್ಲದ ಜೊತೆ ಅವನ ಮುದಿತನ ಬಂದರೆ, ಮುಂದಿನ ಸಲ ಸಕ್ಕರೆ ಜೊತೆ ಬಾಲ್ಯ ಬರುತ್ತಿತ್ತು. ಕೆಲವೊಮ್ಮೆ ಶತ್ರುವಿನ ಮುಖದ ಮೇಲೆಯೇ ಎಣ್ಣೆ ಜಿಡ್ಡು ಹರಡಿ, ಮಿಂಚುಗೈ ಯಾರ ಜೊತೆ ಹೊಡೆದಾಡುತ್ತಿದ್ದಾನೆಂಬುದೇ ತಿಳಿಯುತ್ತಿರಲಿಲ್ಲ. ಆದರೂ ಅವನು ನನ್ನವನು. ಅವನ ಪರವಾಗಿ ವಾದಿಸುವ ಕೆಲಸವನ್ನು ಯಾರೂ ಕೊಡದೆ ನಾನೇ ವಹಿಸಿಕೊಂಡಿದ್ದೆ.

ಎದುರು ವಾದಿ ನನ್ನ ಗೆಳೆಯ ನಿಂಗ್ಯಾ. ಅವನ ಕಡೆಯವನು ಕಾಗದದವನಲ್ಲ. ಸುಗ್ಗಿ ಮುಗಿದ ಮೇಲೆ ನಮ್ಮೂರಲ್ಲಿ ರಾತ್ರಿಯಿಂದ ಬೆಳಗಿನವರೆಗೂ ಆಡುತ್ತಿದ್ದ ದೊಡ್ಡಾಟದ ರಾಕ್ಷಸ, ಶಿಲಾಕಂಠ. ಅವನು ಒಮ್ಮೆ ಆರ್ಭಟಿಸಿದರೆ ಎದುರಿಗಿದ್ದವರ ಕೈಯ ಆಯುಧ ಕಳಚಿ ಬೀಳುತ್ತಿತ್ತು. ಆ ಪಾತ್ರ ಮಾಡುತ್ತಿದ್ದವನು ನಿಂಗ್ಯಾನ ಅಪ್ಪ ದುರಗಪ್ಪ ಕಾಕಾ. ಮೂರು ಎಕರೆ ಎರೆ ಹೊಲ, ಒಂದು ಎಮ್ಮೆ, ಮತ್ತು ಊರಬಾಗಿಲ ಹಗಸಿಯಲ್ಲಿ ಕೂಗಿದರೆ ಹಳ್ಳದ ಆಚೆ ಕೇಳುವಂಥ ಗಂಟಲು, ಇಷ್ಟು ಆತನ ಆಸ್ತಿ. ಆಟದ ಮಾರನೆಯ ದಿನದಿಂದ ಆ ಗಂಟಲು ಬಿದ್ದು ಹೋಗುತ್ತಿತ್ತು. ಅರಿಷಿಣದ ಬಿಸಿನೀರು ಕುಡಿಯುತ್ತ, ಎಮ್ಮೆಯನ್ನೂ ಕೈಸನ್ನೆಯಲ್ಲೇ ಕರೆಯುತ್ತಿದ್ದ. ಎಮ್ಮೆ ಬರುತ್ತಿರಲಿಲ್ಲ.

ಆ ಬೇಸಿಗೆ ರಜೆಯಲ್ಲಿ ಕಣದ ಪಕ್ಕದ ಬೇವಿನ ಗಿಡದ ಕೆಳಗೆ ಕುಳಿತು ನಾವು ಇಬ್ಬರನ್ನೂ ಕಾಳಗಕ್ಕೆ ಇಳಿಸಿದೆವು. ಕೈಯಲ್ಲಿ ಕಟಕ ರೊಟ್ಟಿ, ಅದರ ಮೇಲೆ ಶೇಂಗಾ ಹಿಂಡಿ. ಬೇವಿನ ಹೂವಿನ ವಾಸನೆಯೊಳಗೆ ಒಣಗಿದ ಸಗಣಿಯ ವಾಸನೆ ಬೆರೆತಿರುತ್ತಿತ್ತು. ತೀರ್ಪು ಹೇಳುವ ಪಂಚ, ದರ್ಜಿ ಮನೆಯ ಮಾಬು. ಅವನು ಯಾರ ಪರವೂ ಇರಲಿಲ್ಲ, ಅಥವಾ ಆ ದಿನ ಯಾರ ಕಿಸೆಯಲ್ಲಿ ಪೆಪ್ಪರಮೆಂಟು ಇತ್ತೋ ಅವರ ಪರ ಇರುತ್ತಿದ್ದ.

"ಮಿಂಚುಗೈ ಅಂಗೈ ಬಿಚ್ಚಿದ. ನಿಮ್ಮ ಶಿಲಾಕಂಠ ಬೂದಿ," ಎಂದೆ ನಾನು.

"ಬಿಚ್ಚೂದಕ್ಕಿಂತ ಮೊದಲ ಆರ್ಭಟ ಮಾಡ್ತಾನ. ಆಯುಧ ಬೀಳತೈತಿ," ಎಂದ ನಿಂಗ್ಯಾ.

"ಆಂವನ ಕೈಯಾಗ ಆಯುಧ ಎಲ್ಲೈತಿ? ಕೈನ ಆಯುಧ."

"ಹಂಗಾದ್ರ ಕೈನ ಕಳಚಿ ಬೀಳತೈತಿ."

ಮಾಬು ಪೆಪ್ಪರಮೆಂಟನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿ, "ಕೈ ಬೀಳೂದು ಭಾಳ ಆತಪಾ. ಪುರಾವೆ ಏನೈತಿ?" ಎಂದ.

ನಿಂಗ್ಯಾ ಪುರಾವೆ ಕೊಡಲಿಲ್ಲ, ಬೇರೆ ಕಡೆಯಿಂದ ಬಂದ. "ಆ ಮಿಂಚು ಎಲ್ಲಿಂದ ಬರ್ತೈತಿ? ಕರೆಂಟ್ ಅಲ್ಲೇನದು? ಕರೆಂಟ್ ಹೋದ್ರ ಏನ್ ಮಾಡ್ತಾನ?"

ಈಗ ನಗು ಬರುತ್ತದೆ, ಆಗ ಬರಲಿಲ್ಲ. ನಾನು ಹುಟ್ಟಾ ಚಿಂತೆಯ ಆಸಾಮಿ. ಮಿಂಚುಗೈ ಕಾಳಗದ ನಡುವೆ ಅಂಗೈ ಬಿಚ್ಚಿ ನಿಂತಿದ್ದಾನೆ, ಕರೆಂಟು ಬೇವೂರಿನಲ್ಲೇ ಹೋಗಿದೆ. ಈ ಚಿತ್ರ ಊಟದ ಹೊತ್ತಿನಲ್ಲೂ ನನ್ನ ಕಣ್ಮುಂದೆ ಇತ್ತು. ಅವ್ವ ಹಣೆ ಮುಟ್ಟಿ ನೋಡಿ, "ಮೈ ಬಿಸಿ ಇಲ್ಲ, ಮತ್ಯಾಕ ಹಿಂಗ ಕುಂತಿ ಶರಣ್ಯಾ?" ಎಂದಳು. ಏನೆಂದು ಹೇಳಲಿ?

ವಾದ ಮುಂದುವರಿದಂತೆ ನನಗೆ ಇನ್ನೊಂದು ಚಿಂತೆ ಹತ್ತಿತು. ಬೇರೆ ಎಲ್ಲದರಲ್ಲೂ ನಿಂಗ್ಯಾ ಸೋಲು ಒಪ್ಪುತ್ತಿದ್ದ. ಚಿಣಿದಾಂಡಿನಲ್ಲಿ ಸೋತರೆ ನಕ್ಕು ಡಾವು ಕೊಡುತ್ತಿದ್ದ. ಇದರಲ್ಲಿ ಮಾತ್ರ ತುಟಿ ಬಿಗಿದು, ಕಣ್ಣು ಕೆಂಪು ಮಾಡಿಕೊಂಡು ಕೂಡುತ್ತಿದ್ದ. ಕಾರಣ ಒಂದು ಮಧ್ಯಾಹ್ನ ಅವನೇ ಹೇಳಿದ, ನನ್ನ ಮುಖ ನೋಡದೆ, ರೊಟ್ಟಿ ಮುರಿಯುತ್ತ.

"ಪ್ರತಿ ವರ್ಷ ಆಟದ ಕಡೀಗೆ ನಮ್ಮಪ್ಪ ಬೀಳ್ತಾನ. ಮಂದಿ ಎಲ್ಲಾ ಚಪ್ಪಾಳಿ ಹೊಡೀತಾರ. ನಮ್ಮವ್ವ ಎಮ್ಮಿ ಹಿಂಡಬೇಕು ಅಂತ ಹೇಳಿ ಮೊದಲ ಎದ್ದು ಹೋಗಿಬಿಡ್ತಾಳ. ಎಮ್ಮಿ ಅಷ್ಟ್ ಲಗೂ ಹಿಂಡಾಕ ಬರೂದಿಲ್ಲ, ನನಗ ಗೊತ್ತೈತಿ." ಮುರಿದ ತುಂಡನ್ನು ಬಾಯಿಗಿಡದೆ, "ಆಟದಾಗ ಬೀಳಲಿ. ಇಲ್ಲೆ ಯಾಕ ಬೀಳಬೇಕು?" ಎಂದ.

ಇಷ್ಟು ಕೇಳಿದ ಮೇಲೆ ಒಳ್ಳೆಯ ಹುಡುಗನಾದವನು ಸೋಲಬೇಕಿತ್ತು. ನಾನು ಸೋಲಲಿಲ್ಲ. ಮಿಂಚುಗೈಯ ಮರ್ಯಾದೆ ನನ್ನ ತಲೆಯ ಮೇಲಿತ್ತು. "ನಿಮ್ಮಪ್ಪನ್ನ ಕೇಳೂಣು ಬಾ. ಆತ ಹೇಳಿದ್ದ ಖರೇ," ಎಂದೆ. ಮಾಬು ತಕ್ಷಣ ಒಪ್ಪಿದ. ತೀರ್ಪು ಹೇಳುವ ಹೊಣೆ ಇನ್ನೊಬ್ಬರ ಹೆಗಲಿಗೆ ಹೋದರೆ ಪಂಚರಿಗೆ ಯಾವಾಗಲೂ ಸಂತೋಷವೇ.

ದುರಗಪ್ಪ ಕಾಕಾ ಅಂಗಳದಲ್ಲಿ ಪುಂಡಿ ನಾರಿನ ಹಗ್ಗ ಹೊಸೆಯುತ್ತಿದ್ದ. ನಾನು ಬೆಲ್ಲದ ಕಲೆಯಿದ್ದ ಹಾಳೆ ತೋರಿಸಿದೆ. ಆತ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು, ಬಹಳ ಗೌರವದಿಂದ ನೋಡಿದ.

"ಆಸಾಮಿ ಗಟ್ಟಿ ಅದಾನ," ಎಂದ. "ಖರೇ, ಇವನ ಕಡೆಯಿಂದ ನನ್ನ ಬೀಳಸಾಕ ಆಗೂದಿಲ್ಲ."

"ಯಾಕ ಕಾಕಾ?"

"ಪದ್ಯ ಎಲ್ಲೈತಿ? ನಾ ಬೀಳಬೇಕಂದ್ರ ಹಿಮ್ಮೇಳದವರು ಪದ್ಯ ಹೇಳಬೇಕು. ನಾಕ ಸಾಲು. ನಾಕನೇ ಸಾಲು ಮುಗಿಯೂತನಕ ದೊಡ್ಡ ದೊಡ್ಡ ರಾಜರು ಬಂದು ಹೊಡದ್ರೂ ನಾ ಬೀಳೂದಿಲ್ಲ. ಇವಂಗ ಯಾರು ಪದ್ಯ ಕಟ್ಯಾರ?"

ನಿಂಗ್ಯಾ ಹಿಗ್ಗಿ ಹೋದ. ಮಾಬು ಅಲ್ಲೇ ತೀರ್ಪು ಹೇಳಿದ, ಪದ್ಯ ಇಲ್ಲದ ಮಿಂಚುಗೈ ಗೆಲ್ಲಲು ಬರುವುದಿಲ್ಲ ಎಂದು. ಮುದ್ರಣವಾಗಿ ಬಂದ ವೀರನೊಬ್ಬನಿಗೆ ನಮ್ಮೂರ ಮದ್ದಳೆಯ ಕಾನೂನು ಯಾಕೆ ಹತ್ತಬೇಕು ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನನಗಂತೂ ಹೊಳೆದದ್ದು ಒಂದೇ. ಪದ್ಯ ಇಲ್ಲವಾದರೆ ನಾನು ಕಟ್ಟುತ್ತೇನೆ.

ಮೂರು ಸಾಲು ಸಲೀಸಾಗಿ ಬಂದವು.

ಅಂಗೈಯ ಬಿಚ್ಚ್ಯಾನೊ ಮಿಂಚುಗೈ ಧೀರ
ಮುಂಗೋಪಿ ದೈತ್ಯನ ಮುಂದ ನಿಂತ ಶೂರ
ಸಿಡಿಲೊಂದ ಬಿಟ್ಟಾನೊ ನಡುಗೀತೊ ಊರ

ಕವಿತ್ವ ಎಷ್ಟಿದೆ ಎಂದು ನೀವೇ ನೋಡುತ್ತಿದ್ದೀರಿ. ನಾಲ್ಕನೆಯದು ಮಾತ್ರ ಬರಲೊಲ್ಲದು. ಅದರಲ್ಲಿ ಶಿಲಾಕಂಠ ಬೀಳಬೇಕು, ಪ್ರಾಸ ಏಳಬೇಕು. ನೀರು ಸೇದುವಾಗ ಗುನುಗಿದೆ, ಎತ್ತಿಗೆ ಮೇವು ಹಾಕುವಾಗ ಗುನುಗಿದೆ. ಕೊನೆಗೆ ಜೋಳ ಬೀಸಿಸಲು ಗಿರಣಿಗೆ ಹೋಗಿ, ಮೈಯೆಲ್ಲ ಹಿಟ್ಟಾಗಿ ಪಾಳಿಗೆ ನಿಂತಿದ್ದಾಗ, ಗಿರಣಿಯ ಪಟ್ಟಿ ಬಡಿಯುವ ಲಯದಲ್ಲಿ ಇಡೀ ಸಾಲು ತಾನಾಗಿ ಬಂದುಬಿಟ್ಟಿತು. ಮರೆತುಹೋದೀತೆಂದು ದಾರಿಯುದ್ದಕ್ಕೂ ಗಟ್ಟಿಯಾಗಿ ಹೇಳುತ್ತ, ಹಿಟ್ಟಿನ ಬುಟ್ಟಿಯನ್ನು ಮನೆಯಲ್ಲಿ ಎಸೆದಂತೆ ಇಟ್ಟು, ನಿಂಗ್ಯಾನ ಮನೆಗೆ ಓಡಿದೆ. ಮಾಬುವನ್ನು ದಾರಿಯಲ್ಲೇ ಎಳೆದುಕೊಂಡೆ.

ಸಂಜೆಯಾಗುತ್ತಿತ್ತು. ದುರಗಪ್ಪ ಕಾಕಾ ಹೊಲದಿಂದ ಬಂದು ಕಾಲು ತೊಳೆದು ಕುಳಿತಿದ್ದ. ಒಳಗೆ ನಿಂಗ್ಯಾನ ಅವ್ವ ಯಲ್ಲಮ್ಮ ಚಿಗವ್ವ ರೊಟ್ಟಿ ಬಡಿಯುತ್ತಿದ್ದ ಸಪ್ಪಳ ಕೇಳುತ್ತಿತ್ತು.

"ಪದ್ಯ ಕಟ್ಟೇನಿ ಕಾಕಾ," ಎಂದೆ.

ಆತ ನಗಲಿಲ್ಲ. ಈಗ ನೆನೆದರೆ ಅದೇ ಆಶ್ಚರ್ಯ. ದೊಡ್ಡವರು ನಕ್ಕು ಕಳಿಸಬೇಕಾದ ಮಾತು ಅದು. ಆತ ಎದ್ದು, ಧೋತರ ಕಚ್ಚೆ ಬಿಗಿದು, ಹೆಗಲ ವಸ್ತ್ರವನ್ನು ಕಿರೀಟದಂತೆ ಸುತ್ತಿಕೊಂಡ. "ಹಾಡು ಹಂಗಾದ್ರ. ಪದ್ಯ ಪದ್ಯದಂಗ ಇತ್ತಂದ್ರ ಬೀಳತೇನಿ. ಇದರಾಗ ಮೋಸ ಇಲ್ಲ," ಎಂದ. ಮಾಬು ಹಿತ್ತಾಳೆ ಕೊಡ ಬೋರಲು ಹಾಕಿಕೊಂಡು ಮದ್ದಳೆ ಮಾಡಿದ. ನಿಂಗ್ಯಾ ಕಂಬಕ್ಕೆ ಒರಗಿ ನಿಂತ. ನನ್ನ ಕಡೆ ನೋಡಲಿಲ್ಲ.

ನಾನು ಮೊದಲ ಸಾಲು ಹಾಡಿದೆ. ಕಾಕಾ ಅಂಗಳದಲ್ಲಿ ಒಂದು ಸುತ್ತು ಹಾಕಿದ. ದಿನಾ ನೋಡುತ್ತಿದ್ದ ಆ ಸಣಕಲು ಮನುಷ್ಯ ಅದು ಹೇಗೋ ಅಗಲವಾದ. ಎರಡನೆಯ ಸಾಲಿಗೆ ಆರ್ಭಟಿಸಿದ. ಎಮ್ಮೆ ಗೂಟ ಜಗ್ಗಿತು, ನನ್ನ ಬಾಯಿಂದ ಮೂರನೆಯ ಸಾಲು ಅರ್ಧ ನಡುಗಿಕೊಂಡೇ ಬಂತು. ಅದು ಮುಗಿಯುತ್ತಲೂ ಕಾಕಾ ಎದೆ ಹಿಡಿದುಕೊಂಡ. ಒಂದು ಕಾಲು ಮೇಲೆತ್ತಿ, ಬೀಳಲಿರುವ ಗಿಡದಂತೆ ವಾಲಿ ನಿಂತು, ನಾಲ್ಕನೆಯದಕ್ಕೆ ಕಾದ.

ಒಳಗಿನ ರೊಟ್ಟಿ ಸಪ್ಪಳ ನಿಂತಿತ್ತು.

ನಾನು ಬಾಯಿ ತೆರೆದೆ. "ಬ್ಯಾಡಲೇ ಶರಣ್ಯಾ," ಎಂದ ನಿಂಗ್ಯಾ. ಕೂಗಲಿಲ್ಲ. ಕೂಗಿದ್ದರೆ ನಾನು ಹಾಡಿಬಿಡುತ್ತಿದ್ದೆನೇನೋ.

ಚಿಗವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ಗಂಡನನ್ನು ನೋಡಿ, "ಮನಿಯಾಗೂ ಬೀಳಬೇಕೇನು ನೀವು?" ಎಂದಳು.

ಕಾಕಾ ಒಂಟಿ ಕಾಲಲ್ಲೇ ಸ್ವಲ್ಪ ಹೊತ್ತು ನಿಂತಿದ್ದ. ಆಮೇಲೆ ಮೆಲ್ಲಗೆ ಕಾಲಿಳಿಸಿ, ವಸ್ತ್ರ ಬಿಚ್ಚಿ ಮುಖ ಒರೆಸಿಕೊಂಡು ಕಟ್ಟೆಯ ಮೇಲೆ ಕುಳಿತ. ಹೇಳಿದ್ದು ನಿಂಗ್ಯಾನಿಗೆ, ಆದರೆ ಕಣ್ಣು ಬಾಗಿಲ ಕಡೆ ಇತ್ತು.

"ಆಟದಾಗ ನಾ ಬೀಳೂದು ಸೋತು ಅಲ್ಲೋ ಹುಚ್ಚಾ. ಬೆಳಕು ಹರದಿರ್ತೈತಿ. ಮಂದಿಗೆ ಹೊಲ ಅದಾವು, ದನ ಅದಾವು. ನಾ ಬೀಳಲಿಲ್ಲಂದ್ರ ಯಾರೂ ಏಳೂದಿಲ್ಲ, ಕುಂತ ಬಿಡ್ತಾರ. ಅವರನ್ನ ಎಬ್ಬಸಾಕ ನಾ ಬೀಳಬೇಕು. ಇಲ್ಲೆ ಎಬ್ಬಸಾಕ ಯಾರು ಕುಂತಾರ?" ನನ್ನ ಕಡೆ ತಿರುಗಿದ. "ಪದ್ಯ ಛಲೋ ಐತಿ. ನಾಕನೇ ಸಾಲು ನಿನ್ನ ಬಾಯಾಗ ಇರ್ಲಿ."

ಮಾಬು ಕೊಡದ ಮೇಲೆ ಕೈಯಿಟ್ಟು ತೀರ್ಪು ಹೇಳಿದ. "ಮಿಂಚುಗೈದು ಕರೆಂಟ್ ಹೋಗೇತಿ. ಶಿಲಾಕಂಠನ ಗಂಟ್ಲ ಬಿದ್ದೈತಿ. ಇಬ್ಬರೂ ಊಟ ಮಾಡಿ ಬರ್ರಿ."

ಊಟ ಅಲ್ಲೇ ಆಯಿತು. ಬಿಸಿ ರೊಟ್ಟಿ, ಪುಂಡಿಪಲ್ಲೆ, ಮೇಲೆ ಬೆಣ್ಣೆ. ಮೊದಲ ರೊಟ್ಟಿಯನ್ನು ಚಿಗವ್ವ ನನ್ನ ತಾಟಿಗೆ ಹಾಕಿದಳು. ಅದನ್ನು ಕಂಡು ನನಗೆ ಹೊಸ ಚಿಂತೆ: ನಾಲ್ಕನೆಯ ಸಾಲು ನುಂಗಿದ್ದಕ್ಕೆ ಲಂಚವೇ ಇದು?

ಮರುವರ್ಷ ಸುಗ್ಗಿ ಮುಗಿದು ಮತ್ತೆ ಆಟ ಬಂತು. ನಾವು ಮೂವರೂ ಒಂದೇ ಕಂಬಳಿಯಲ್ಲಿ ಕುಳಿತೆವು. ಮೂಡಣ ಬೆಳ್ಳಗಾಗುವ ಹೊತ್ತಿಗೆ ಪದ್ಯ ಎದ್ದಿತು. ನಾನು ಹಳೆಯ ಚಾಳಿಯಂತೆ ನಿಂಗ್ಯಾನ ಮುಖ ನೋಡಿದೆ. ಅವನು ಅಪ್ಪನ ಕಡೆ ನೋಡುತ್ತಲೇ ಇರಲಿಲ್ಲ. ತಿರುಗಿ ಕುಳಿತು ಮಂದಿಯನ್ನು ನೋಡುತ್ತಿದ್ದ. ನಾಲ್ಕನೆಯ ಸಾಲು ಮುಗಿಯಿತು. ಅವನ ಬೆನ್ನ ಹಿಂದೆ ರಂಗದ ಹಲಗೆಯ ಮೇಲೆ ಶಿಲಾಕಂಠ ಬಿದ್ದ ಸಪ್ಪಳವಾಯಿತು. ಚಪ್ಪಾಳೆ ಆಯಿತು. ಮಂದಿ ಚಾದರ ಝಾಡಿಸಿದರು, ಆಕಳಿಸಿದರು, ಮಲಗಿದ್ದ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡರು.

"ನೋಡಲೇ, ಎದ್ರು," ಎಂದ ನಿಂಗ್ಯಾ. ಎಲ್ಲರನ್ನೂ ಅವನ ಅಪ್ಪನೇ ಒಬ್ಬೊಬ್ಬರಾಗಿ ಎಬ್ಬಿಸಿ ಹೊಲಕ್ಕೆ ಕಳಿಸುತ್ತಿದ್ದಾನೆ ಎಂಬಂತಿತ್ತು ಅವನ ದನಿ. ಹೆಂಗಸರು ಕುಳಿತಿದ್ದ ಕಡೆ ಚಿಗವ್ವನೂ ಸೆರಗು ಝಾಡಿಸಿಕೊಂಡು ಎದ್ದಳು. ಆ ವರ್ಷ ಎಮ್ಮೆ ಕಾದಿತ್ತು.

ಈಗ ನಾನು ಕೊಪ್ಪಳದಲ್ಲಿದ್ದೇನೆ. ತಂಗಿಯ ಮಗ ರಜೆಗೆ ಬಂದಾಗ ಫೋನಿನಲ್ಲಿ ಇಂಥವೇ ಕಾಳಗ ತೋರಿಸುತ್ತಾನೆ. ಒಂದು ಲೋಕದ ವೀರ, ಇನ್ನೊಂದು ಲೋಕದ ವೀರ, ಬಲಕ್ಕೆ ಇಷ್ಟು, ವೇಗಕ್ಕೆ ಇಷ್ಟು ಅಂಕ. ರೊಟ್ಟಿ ಮುರಿಯುವಷ್ಟರಲ್ಲಿ ಯಾರು ಗೆದ್ದರೆಂದು ಬಂದುಬಿಡುತ್ತದೆ. "ಸೋತಂವ ಯಾರ ಕಡೆಯವನಪ್ಪಾ?" ಎಂದು ಕೇಳಿದೆ. "ಯಾರ ಕಡೆನೂ ಅಲ್ಲ ಮಾಮಾ," ಎಂದ. ಅವನು ಹೇಳಿದ್ದು ಸರಿಯೇ ಇರಬೇಕು. ನಮ್ಮ ಕಾಳಗದಲ್ಲಿ ಸೋಲಬಹುದಾದವನು ಸಂಜೆ ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದ, ಅಷ್ಟೇ ವ್ಯತ್ಯಾಸ.

ಮಾಬು ಹೊಸಪೇಟೆಯಲ್ಲಿ ಅಂಗಿ ಹೊಲಿಯುತ್ತಾನೆ. ನಿಂಗ್ಯಾ ಗಿಣಿಗೇರಾದ ಕಾರ್ಖಾನೆಯಲ್ಲಿದ್ದಾನೆ. ನಮ್ಮೂರಲ್ಲಿ ದೊಡ್ಡಾಟ ನಿಂತುಹೋಗಿದೆ. ಶಿಲಾಕಂಠನ ಪದ್ಯ ಬಲ್ಲವರು ಒಬ್ಬರೂ ಉಳಿದಿಲ್ಲ.

ದುರಗಪ್ಪ ಕಾಕಾ ಹೋದದ್ದು ಒಂದು ಬೆಳಗಿನ ಜಾವ. ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ಹೊತ್ತೇರಿತ್ತು. ಅದೇ ಅಂಗಳ, ತುಂಬ ಮಂದಿ. ಅವರಿಗೆಲ್ಲ ಹೊಲ ಇದ್ದವು, ದನ ಇದ್ದವು. ಆತ ಬಿದ್ದಾಗಿತ್ತು, ಆದರೂ ಯಾರೊಬ್ಬರೂ ಎದ್ದಿರಲಿಲ್ಲ. ನಿಂಗ್ಯಾ ಅದೇ ಕಂಬಕ್ಕೆ ಒರಗಿ ಅವರನ್ನೇ ನೋಡುತ್ತಿದ್ದ. ನಾನು ಪಕ್ಕದಲ್ಲಿ ಹೋಗಿ ನಿಂತೆ.

"ಕುಂತ ಬಿಟ್ಟಾರಲೇ," ಎಂದ.

ನಾಲ್ಕನೆಯ ಸಾಲು ನನಗೆ ಇನ್ನೂ ನೆನಪಿದೆ. ಇಲ್ಲಿ ಬರೆಯುವುದಿಲ್ಲ.