ಅವ್ವನ ಬೈಗುಳದ ಕ್ಯಾಸೆಟ್ಟು

ಜನರನ್ನು ನಗಿಸುವುದಕ್ಕೇ ಹುಟ್ಟಿದವರು ನಾವು ಎಂದು ಮೂವರೂ ನಂಬಿಕೊಂಡಿದ್ದ ಕಾಲ ಅದು. ಹಾಸನದ ಕಾಲೇಜಿನಲ್ಲಿ ನನ್ನ ಜೊತೆಗಿದ್ದವರು ಇಬ್ಬರು: ಹೊಳೆನರಸೀಪುರದ ಅರ್ಚಕರ ಮಗ, ಮತ್ತೆ ಅಣ್ಣನ ಕಂಪ್ಯೂಟರ್ ಅಂಗಡಿ ನೋಡಿಕೊಳ್ಳುತ್ತಿದ್ದವನೊಬ್ಬ. ನಮ್ಮೂರ ಮಾತಿನಲ್ಲೇ ರ‍್ಯಾಪ್ ಕಟ್ಟುತ್ತಿದ್ದೆವು. ಹಾಸ್ಟೆಲಿನ ನೀರುಸಾರು, ಕೆಂಪು ಬಸ್ಸಿನ ಹರಿದ ಸೀಟು, ಸಿಕ್ಕಿದ್ದೆಲ್ಲ ಹಾಡೇ. ಯಾರೂ ನಗುತ್ತಿರಲಿಲ್ಲ.

ಆಗ ನನಗೊಂದು ದರಿದ್ರ ಉಪಾಯ ಹೊಳೆಯಿತು. ಹಳ್ಳಿಮೈಸೂರಿನ ನಮ್ಮ ಮನೆಯಲ್ಲಿ ಅವ್ವ ಬೆಳಿಗ್ಗೆ ಬಾಯಿ ತೆಗೆದರೆ ಬೀದಿಗೆಲ್ಲ ಕೇಳುತ್ತಿತ್ತು. ಕಂಬಳಿಯೊಳಗೆ ಟೇಪ್‌ರೆಕಾರ್ಡರ್ ಇಟ್ಟುಕೊಂಡು ಮಲಗಿದೆ.

"ಎದ್ದೇಳ್ಲಾ ಮುಂಡೇದೇ! ಕೂಳಿಗೆ ದಂಡ, ಬೂಮಿಗೆ ಬಾರ! ನಿನ್ನ ಹೆತ್ತಿದ್ಕಿಂತ ಒಂದ್ ಒಳಕಲ್ಲು ಹೆತ್ತಿದ್ರೆ ಕಾರನಾದ್ರೂ ರುಬ್ಬಬೋದಿತ್ತು ಕಣ್ಲಾ!"

ಅಂಗಡಿಯವನು ಅದನ್ನು ಕತ್ತರಿಸಿ ತಾಳಕ್ಕೆ ಕೂರಿಸಿದ. ಚನ್ನರಾಯಪಟ್ಟಣದ ಕಾಲೇಜಿನಲ್ಲಿ ಹುಡುಗರು ಬೆಂಚು ಹತ್ತಿ ಕೂಗಿದರು. ಕ್ಯಾಸೆಟ್ಟು ಕೈಯಿಂದ ಕೈಗೆ ಹೋಗಿ ಅರಕಲಗೂಡಿನ ಆಟೋಗಳಲ್ಲೂ ಅವ್ವನೇ ಬೈಯುತ್ತಿದ್ದಳು. ಒಂದು ವರ್ಷ ನಮ್ಮನ್ನು ಹಿಡಿಯುವವರಿರಲಿಲ್ಲ. ಅವ್ವನಿಗೆ ಮಾತ್ರ ಹೇಳಿರಲಿಲ್ಲ.

ಹೊಳೆನರಸೀಪುರದ ಸಂತೆಯಲ್ಲಿ ಬದನೆಕಾಯಿಯವನ ಜೊತೆ ಅವಳು ಜಗಳಕ್ಕೆ ನಿಂತಾಗ ಯಾರೋ ಹುಡುಗರು ಧ್ವನಿ ಗುರುತು ಹಿಡಿದರು. "ಲೇ, ಅದೇ ಅವ್ವ ಕಣ್ಲಾ! ಇನ್ನೊಂದ್ಸಲ ಬೈಯವ್ವ!" ಎಂದು ಸುತ್ತುವರಿದು ಚಪ್ಪಾಳೆ ತಟ್ಟಿದರಂತೆ. ಖಾಲಿ ಚೀಲ ಹಿಡಿದು ಬಂದವಳು ನನ್ನ ಮುಂದೆ ನಿಂತಳು.

"ಅದು ನಿಂಗ್ ಬೈದಿದ್ದು ಕಣ್ಲಾ. ಊರ್ಗಲ್ಲ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವ್ವನ ಧ್ವನಿ ತೆಗೆದುಬಿಡೋಣ ಎಂದು ಗೆಳೆಯರ ಮುಂದೆ ಹಟ ಹಿಡಿದೆ. ತೆಗೆದೆವು. ಹಾಸನದ ಮುಂದಿನ ಕಾರ್ಯಕ್ರಮದಲ್ಲಿ "ಅವ್ವ ಎಲ್ಲಿ?" ಎಂದು ಕಿರುಚಿ ಅರ್ಧ ಜನ ಎದ್ದುಹೋದರು. ನಮ್ಮ ಗುಂಪು ಅಲ್ಲಿಗೆ ಮುಗಿಯಿತು. ಹಾಳಾಗಿ ಹೋಗಲಿ, ಅದಕ್ಕೆ ನಾನು ಅಳಲಿಲ್ಲ. ಅವ್ವ ಬೈಯುವುದನ್ನೇ ಬಿಟ್ಟುಬಿಟ್ಟಿದ್ದಳು. ಎಷ್ಟು ಹೊತ್ತಿಗೆ ಎದ್ದರೂ ಸುಮ್ಮನೆ ಕಾಫಿ ತಂದಿಡುತ್ತಿದ್ದಳು.

ವರ್ಷಗಳ ಮೇಲೆ ಒಂದು ದಿನ ನಾನು ಪಂಪು ನಿಲ್ಲಿಸಲು ಮರೆತು, ಅವಳೇ ನಾಟಿ ಮಾಡಿದ್ದ ರಾಗಿಪೈರೆಲ್ಲ ನೀರಲ್ಲಿ ಮುಳುಗಿತು. ಅವ್ವ ಬದುವಿನ ಮೇಲೆ ಓಡಿಬಂದಳು. ಮುಖ ಕೆಂಪಾಗಿತ್ತು. ಬಾಯಿ ತೆರೆದಳು. ನನಗೋ ಒಳಗೊಳಗೇ ಖುಷಿ. ಅಷ್ಟರಲ್ಲಿ ಅವಳ ಕಣ್ಣು ನನ್ನ ಜೇಬಿನ ಮೊಬೈಲಿನ ಮೇಲೆ ಬಿತ್ತು.

"ಬೈಯವ್ವ, ನಿನ್ ಕಾಲಿಗ್ ಬೀಳ್ತೀನಿ," ಎಂದೆ.

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಪಿಸುಗುಟ್ಟಿದಳು: "ಬ್ಯಾಡ ಕಣಪ್ಪ. ಅದು ಕೇಳುಸ್ಕತದೆ."