ನೀರುಗಂಟಿಯ ಮಗ

ಅವರ ಬಲಗೈಯ ಕಿರುಬೆರಳು ಮಡಿಸಲು ಬರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಭತ್ತ ಕೊಯ್ಯುವಾಗ ಕುಡುಗೋಲು ತಗುಲಿ ನರ ತುಂಡಾಗಿತ್ತಂತೆ. ವಿಮಾನದಲ್ಲಿ ಕ್ಯಾಪ್ಟನ್ ಕೂರುವ ಎಡ ಸೀಟಿನಲ್ಲಿ ಕೂತು, ಎಂಜಿನ್ನಿನ ವೇಗ ಏರಿಸುವ ಹಿಡಿಗಳ ಮೇಲೆ ಅವರು ಕೈಯಿಟ್ಟರೆ ನಾಲ್ಕು ಬೆರಳು ಬಿಗಿಯಾಗಿ ಹಿಡಿಯುತ್ತಿದ್ದವು, ಐದನೆಯದು ಮೊಲದ ಕಿವಿಯ ಹಾಗೆ ನೆಟ್ಟಗೆ ನಿಂತಿರುತ್ತಿತ್ತು. ಪಕ್ಕದ ಬಲ ಸೀಟಿನಲ್ಲಿ ಕೋ-ಪೈಲಟ್ ಆಗಿ ಮೂರು ವರ್ಷ ಕೂತ ನಾನು ಮೋಡಗಳಿಗಿಂತ ಹೆಚ್ಚಾಗಿ ಆ ಬೆರಳನ್ನೇ ನೋಡಿದ್ದೇನೆ.

ನಾನು ನಂಜನಗೂಡಿನವಳು. ಬಜಾರಿನಲ್ಲಿ ಅಪ್ಪನದು ಹಾರ್ಡ್‌ವೇರ್ ಅಂಗಡಿ. ನಮ್ಮ ಕಂಪನಿ ಜನರನ್ನು ಹೊರುವುದಿಲ್ಲ. ಔಷಧಿ, ಮೊಬೈಲು, ಹೂವಿನ ಪೆಟ್ಟಿಗೆ ಹೊರುತ್ತದೆ. "ಅಂಗಾದ್ರೆ ರೆಕ್ಕೆ ಇರೋ ಲಾರಿ ಅನ್ನು ಕೂಸು" ಎಂದು ಮೊಳೆ ಕೊಳ್ಳಲು ಬಂದ ಬಿಳಿಗೆರೆಯ ಗಾರೆ ಮೇಸ್ತ್ರಿ ನಕ್ಕಿದ್ದ. ಕೆಲಸಕ್ಕೆ ಸೇರಿದ ಮೊದಲ ವಾರ ನಮ್ಮ ಕ್ಯಾಪ್ಟನ್ನರು ನನ್ನ ಊರು ಕೇಳಿದರು. ಹೇಳಿದೆ. ಅದುವರೆಗೆ ಇಂಗ್ಲಿಷಿನಲ್ಲಿದ್ದವರು ಒಮ್ಮೆಗೇ, "ಅಯ್, ನಮ್ಮ ಕಡೆ ಅಮ್ಮಿ! ನಾನು ನರಸೀಪುರದೋನು ಕಣವ್ವ, ಸೋಮನಾಥಪುರದ ಪಕ್ಕ" ಎಂದರು. "ನಮ್ಮ ಕಡೆ" ಎಂದುಬಿಟ್ಟರೆ ಸಾಕು, ನಮ್ಮವರು ಬುದ್ಧಿಯನ್ನು ಬಿಚ್ಚಿ ಪಕ್ಕಕ್ಕಿಡುತ್ತಾರೆ. ನಾನೂ ಇಟ್ಟೆ.

ಅವರ ಅಪ್ಪ ಊರಿನ ನೀರುಗಂಟಿ. ಕಾಲುವೆಯ ನೀರನ್ನು ಸರದಿಯ ಪ್ರಕಾರ ಗದ್ದೆಗದ್ದೆಗೆ ತಿರುಗಿಸಿಕೊಡುವ ಕೆಲಸ. ಸನಿಕೆ ಹೊತ್ತು ಬದುವಿನ ಮೇಲೆ ನಡೆದೇ ಆಯುಸ್ಸು ಕಳೆದ ಆ ಮನುಷ್ಯ, ತುದಿಯ ಗದ್ದೆಗೆ ನೀರು ಮುಟ್ಟುವವರೆಗೆ ತನ್ನ ಗದ್ದೆಗೆ ನೀರು ಬಿಡುವ ಮಡೆ ತೆಗೆಯುತ್ತಿರಲಿಲ್ಲವಂತೆ. ಈ ಕತೆಯನ್ನು ಕ್ಯಾಪ್ಟನ್ನರು ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಹೇಳುವುದಷ್ಟೇ ಅಲ್ಲ, ಹಾಗೇ ನಡೆದುಕೊಳ್ಳುತ್ತಲೂ ಇದ್ದರು. ಪೆಟ್ಟಿಗೆ ತುಂಬುವ ಹುಡುಗರೆಲ್ಲ ಟೀ ಕುಡಿದಾದ ಮೇಲೆಯೇ ಅವರು ಲೋಟ ಹಿಡಿಯುತ್ತಿದ್ದದ್ದು. "ಸರದಿ ಅನ್ನದು ದೇವ್ರು ಕಣಮ್ಮಿ. ಅದುನ್ನ ತಪ್ಪಿಸ್ದೋನು ಉದ್ಧಾರ ಆಗಕಿಲ್ಲ" ಎನ್ನುವುದು ಅವರ ಬಾಯಿಪಾಠ.

ಒಮ್ಮೆ ಕಡಲ ತೀರದ ಊರೊಂದರಲ್ಲಿ, ಅಡ್ಡಗಾಳಿ ಜೋರಾಗಿದ್ದ ಮಧ್ಯಾಹ್ನ, ವಿಮಾನ ಇಳಿಸುವ ಸರದಿ ನನ್ನದಾಗಿತ್ತು. ದಡ್ಡನೆ ಕುಕ್ಕಿದೆ. ಹಿಂದೆ ಪೆಟ್ಟಿಗೆಗಳೆಲ್ಲ ಗಡಗಡ ಎಂದವು. ನಾನಾಗ ಹೊಸಬಳು, ಅದು ನನ್ನ ಹೆಸರಿನಲ್ಲಿ ದಾಖಲಾದರೆ ಮತ್ತೆ ತರಬೇತಿ, ಮತ್ತೆ ಪರೀಕ್ಷೆ, ಕ್ಯಾಪ್ಟನ್ ಆಗುವವರ ಪಟ್ಟಿಯಲ್ಲಿ ಹಿಂದಕ್ಕೆ. ಕ್ಯಾಪ್ಟನ್ನರು ಹಾರಾಟದ ದಾಖಲೆ ಪುಸ್ತಕ ಎಳೆದುಕೊಂಡು, ಇಳಿಸಿದ್ದು ತಾವೇ ಎಂದು ಬರೆದು ಸಹಿ ಹಾಕಿದರು. "ನಂದು ಹಳೇ ಚರ್ಮ, ತಡ್ಕತದೆ" ಎಂದರು. ಮೇಲಿನವರಿಂದ ಬೈಸಿಕೊಂಡರು, ಪರೀಕ್ಷೆಗೂ ಹೋಗಿಬಂದರು. ಆಮೇಲೆ ಅಂಥ ಗಾಳಿಯಲ್ಲಿ ಹೇಗೆ ಇಳಿಸಬೇಕೆಂದು, ಹಸುಗೂಸಿಗೆ ಉಣ್ಣಿಸುವಷ್ಟು ತಾಳ್ಮೆಯಿಂದ, ಎರಡು ತಿಂಗಳು ಕಲಿಸಿದರು. ನಾನು ಅವರನ್ನು ದೇವರ ಪಕ್ಕದಲ್ಲಿ ಕೂರಿಸಿದೆ. ನನಗಾಗಿ ಅಷ್ಟು ಸಲೀಸಾಗಿ ಸುಳ್ಳು ಬರೆದವರು ನನಗೂ ಅಷ್ಟೇ ಸಲೀಸಾಗಿ ಸುಳ್ಳು ಹೇಳಬಲ್ಲರು ಎಂದು ಅವತ್ತೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಇಷ್ಟರಲ್ಲಿ ಕಂಪನಿ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿತ್ತು. ಇದ್ದದ್ದು ನಾಲ್ಕು ವಿಮಾನ, ತುಂಬಿಕೊಂಡದ್ದು ಹತ್ತಕ್ಕಾಗುವಷ್ಟು ಪೈಲಟ್‌ಗಳನ್ನು. ಉಳಿದ ಆರು ಇವತ್ತು ಬಂದಾವು, ನಾಳೆ ಬಂದಾವು. ತಿಂಗಳಿಗೆ ಇಪ್ಪತ್ತು ದಿನ ಹಾರುತ್ತಿದ್ದವಳು ನಾಲ್ಕು ದಿನಕ್ಕಿಳಿದೆ, ಆಮೇಲೆ ಒಂದಕ್ಕೆ, ಅದೂ ಸಿಕ್ಕರೆ. ತೊಂಬತ್ತು ದಿನದಲ್ಲಿ ಮೂರು ಸಲವಾದರೂ ಏರಿ ಇಳಿಯದಿದ್ದರೆ ಪೈಲಟ್ ಮತ್ತೆ ಪರೀಕ್ಷೆಗೆ ಕೂರಬೇಕು. ಆ ಮೂರು ಸಲಕ್ಕೇ ನಾವು ಕಿತ್ತಾಡತೊಡಗಿದೆವು. ನಾನು ನಂಜನಗೂಡಿಗೆ ಬಂದು ಅಪ್ಪನ ಅಂಗಡಿಯಲ್ಲಿ ಪೈಪಿನ ತುಂಡು ಅಳೆಯುತ್ತಾ ನಿಂತೆ. "ಏನ್ ಕೂಸು, ಪ್ಲೇನ್ನ ರಿಪೇರಿಗೆ ಬುಟ್ಟಿದ್ದೀರಾ?" ಎಂದು ಅದೇ ಮೇಸ್ತ್ರಿ ಕೇಳಿದ. ಅಪ್ಪ ಮಾತ್ರ, "ಇನ್ನೊಂದು ಪಟ್ಟಿ ಬಂದ್ರೆ ಕ್ಯಾಪ್ಟನ್ನು" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ನನ್ನ ಭುಜದ ಮೇಲೆ ಮೂರು ಪಟ್ಟಿಯಿತ್ತು. ಕ್ಯಾಪ್ಟನ್ನಿಗೆ ನಾಲ್ಕು.

ಆಗ ಪ್ರಯಾಣಿಕರ ವಿಮಾನದ ಕಂಪನಿಯೊಂದು ನನಗೆ ಕೆಲಸ ಕೊಟ್ಟಿತು. ಸೋಮವಾರದೊಳಗೆ ಉತ್ತರ ಹೇಳಬೇಕು. ಕ್ಯಾಪ್ಟನ್ನರು ಊರಿಗೆ ಬಂದಿದ್ದಾರೆಂದು ತಿಳಿದು, ಭಾನುವಾರ ಬೆಳಿಗ್ಗೆ ಗಾಡಿ ಓಡಿಸಿಕೊಂಡು ಹೋದೆ. ಅವರಾಗ ನಮ್ಮ ಪೈಲಟ್‌ಗಳಿಗೆಲ್ಲ ಮುಖ್ಯಸ್ಥರು. ಪಂಚೆ ಎತ್ತಿಕಟ್ಟಿ ಕಾಲುವೆಯ ಏರಿ ಮೇಲೆ ನಿಂತಿದ್ದರು. ಕಾಗದ ತೋರಿಸಿದೆ. ಓದಿ, ನಾಲ್ಕಾಗಿ ಮಡಿಸಿ ನನ್ನ ಕೈಗೇ ಕೊಟ್ಟರು.

"ಇಲ್ಲಿ ಕ್ಯಾಪ್ಟನ್ ಆಗಕೆ ನಿಂದು ಎಷ್ಟನೇ ನಂಬರು?"

"ಮೂರನೇದು ಸಾರ್."

"ಅಲ್ಲಿಗೋದ್ರೆ?"

"ಎಲ್ಲರಿಗಿಂತ ಕೊನೆ."

"ಮತ್ತೆ? ನೀರು ಇನ್ನೇನು ನಿನ್ ಗದ್ಗೆ ಬತ್ತದೆ ಅನ್ನುವಾಗ ಎದ್ದೋಗಿ ಇನ್ನೊಬ್ಬನ ಕಾಲ್ವೆ ತುದೀಲಿ ನಿಂತ್ಕತೀಯಾ? ಇಮಾನ ಬತ್ತಾವೆ. ನಾನಿಲ್ವಾ? ನಿನ್ನುನ್ನ ಎಡಗಡೆ ಸೀಟಲ್ಲಿ ಕೂರುಸ್ದೆ ನಾನು ಈ ಕಂಪ್ನಿ ಬುಟ್ಟು ಕದಲಕಿಲ್ಲ."

ಹೇಳುತ್ತಾ ಅವರು ತೋರಿಸಿದ್ದು ದೂರದಲ್ಲಿದ್ದ ತುದಿಯ ಗದ್ದೆಯನ್ನು. ಅವರ ಕಿರುಬೆರಳೂ ಅದರ ಕಡೆಗೇ ನೆಟ್ಟಿತ್ತು. ಸೋಮವಾರ ಆ ಕಂಪನಿಗೆ ಬರುವುದಿಲ್ಲವೆಂದು ಬರೆದು ಕಳಿಸಿದೆ.

ಆರು ವಾರ ಕಳೆಯಿತು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೋ ಬಂತು. ಹೊಸ ಸಮವಸ್ತ್ರ, ಹೊಸ ಟೋಪಿ, ನಮ್ಮ ಕ್ಯಾಪ್ಟನ್ನರು. ನಾನು ಬೇಡವೆಂದ ಅದೇ ಕಂಪನಿ, ತರಬೇತಿ ವಿಭಾಗದ ಮುಖ್ಯಸ್ಥರಾಗಿ.

ಮಿಕ್ಕದ್ದನ್ನು ನಮ್ಮ ಆಫೀಸಿನ ಗೆಳತಿಯೊಬ್ಬಳು ಹೇಳಿದಳು. ಅವರು ಕೆಲಸ ಬಿಡಬೇಕಾದರೆ ಒಂದು ವರ್ಷದ ನೋಟಿಸ್ ಕೊಡಬೇಕಿತ್ತು. ಅಷ್ಟು ದಿನ ಕಾಯಲು ಆ ಕಂಪನಿ ಸಿದ್ಧವಿರಲಿಲ್ಲ. ಪೈಲಟ್‌ಗಳೇ ಬಿಟ್ಟುಹೋದ ಕಡೆಗೆ ವಿಮಾನ ಕೊಡುವವರು ಯಾರು ಎಂಬ ಚಿಂತೆ ನಮ್ಮ ಮಾಲೀಕರಿಗೆ. ಒಪ್ಪಂದವಾಯಿತು: ಪೈಲಟ್‌ಗಳು ರಾಜೀನಾಮೆ ಕೊಡದಂತೆ ತಡೆದರೆ ಕ್ಯಾಪ್ಟನ್ನರನ್ನು ತಿಂಗಳಲ್ಲೇ ಬಿಡುಗಡೆ ಮಾಡುವುದು. ತಡೆದರು. ವಿಮಾನ ಬರುವುದು ಅನುಮಾನವೆಂಬ ಪತ್ರವನ್ನು ಅವರು ಓದಿದ್ದು ನಾನು ಅವರ ಊರಿಗೆ ಹೋಗುವ ನಾಲ್ಕು ದಿನ ಮುಂಚೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು?

ಅವರಿಗೇ ದೂರಿದೆ, ಫೋನಿನಲ್ಲಿ.

"ನಂಗೂ ವಯಸ್ಸಾಯ್ತು ಕಣಮ್ಮಿ. ಅವಕಾಶ ಬಂತು."

"ನನಗೂ ಬಂದಿತ್ತಲ್ಲ ಸಾರ್?"

"ನೆಟ್‌ವರ್ಕ್ ಸರಿಯಿಲ್ಲ, ಆಮ್ಯಾಲೆ ಮಾಡ್ತೀನಿ" ಎಂದರು. ಮಾಡಲಿಲ್ಲ.

ವಿಮಾನಗಳೂ ಬರಲಿಲ್ಲ. ಎರಡು ವರ್ಷವಾಯಿತು, ಪಟ್ಟಿಯಲ್ಲಿ ನಾನು ಮೂರನೆಯವಳಾಗಿಯೇ ಇದ್ದೇನೆ. ಬೇರೆ ಕಂಪನಿಗಳು ಈಗ ಕಳೆದ ವರ್ಷ ಎಷ್ಟು ಗಂಟೆ ಹಾರಿದ್ದೀರಿ ಎಂದು ಕೇಳುತ್ತವೆ. ಹೇಳಿದರೆ ಮುಂದೆ ಮಾತಿಲ್ಲ.

ಮೊನ್ನೆ ಕ್ಯಾಪ್ಟನ್ನರು ಎದೆನೋವೆಂದವರು ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು. ತಿಥಿಗೆ ಹೋಗಬಾರದೆಂದೇ ಇದ್ದೆ. "ವಿದ್ಯೆ ಕಲಿಸ್ದೋರು, ಓಗ್ಬುಟ್ಟು ಬಾ" ಎಂದು ಅಪ್ಪ ಕಳಿಸಿದರು. ಅದೂ ನಿಜ. ಈಗಲೂ ಅಡ್ಡಗಾಳಿ ಬೀಸಿದರೆ ನನ್ನ ಕೈ ಆಡುವುದು ಅವರು ಕಲಿಸಿದ ಹಾಗೆಯೇ. ಕಿತ್ತು ಎಸೆಯಲು ಆಗುವುದಿಲ್ಲವಲ್ಲ.

ಹಾರ ಹಾಕಿದ್ದ ಫೋಟೋ ಆ ಹೊಸ ಸಮವಸ್ತ್ರದ್ದೇ. ಜಗಲಿಯ ಮೇಲೆ ಅವರ ಅಪ್ಪ ಕೂತಿದ್ದರು, ಕಣ್ಣಿಗೆ ಪೊರೆ ಬಂದ ಮುದುಕ, ಆ ನೀರುಗಂಟಿ. ಯಾರೋ ನನ್ನನ್ನು ನಂಜನಗೂಡಿನ ಪೈಲಟ್ ಹುಡುಗಿ ಎಂದು ಪರಿಚಯಿಸಿದರು. ಮುದುಕ ತಡವರಿಸಿ ನನ್ನ ಕೈ ಹುಡುಕಿ ಹಿಡಿದುಕೊಂಡರು.

"ನೀನೇಯಾ ಕೂಸು? ನಿನ್ ವಿಷ್ಯ ಏಳಿದ್ದ ನನ್ ಮಗ. ಅಪ್ಪಾ, ಆ ಕೂಸ್ನ ಕ್ಯಾಪ್ಟನ್ ಮಾಡ್ಬುಟ್ಟೇ ನಾನು ಕೆಲ್ಸ ಬುಟ್ಟಿದ್ದು, ತುದಿ ಗದ್ಗೆ ನೀರು ಮುಟ್ಟುಸ್ಬುಟ್ಟೇ ನಮ್ ಮಡೆ ತಗ್ದಿದ್ದು ಅಂದ. ದಿಟ್ವಾ?"

ಎರಡು ವರ್ಷದ ಸಿಟ್ಟು ನಾಲಿಗೆಯ ತುದಿಗೆ ಬಂತು. ಹೇಳಿಬಿಡುವುದು ಎಷ್ಟು ಸುಲಭವಿತ್ತು! ಮುದುಕ ನನ್ನ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ.

"ದಿಟ ಕಣ್ ತಾತ."

"ಎಡಗಡೇಲೇ ಕೂತ್ಕತೀಯಾ ಈಗ?"

"ಊಂ. ಎಡಗಡೇಲೇ."

"ಸರದಿ ತಪ್ಪುಸ್ನಿಲ್ಲ ನನ್ ಮಗ" ಎಂದು ಮುದುಕ ಟವೆಲ್ಲಿನಿಂದ ಮುಖ ಒತ್ತಿಕೊಂಡರು. "ಉಂಡ್ಕಂಡೋಗು ಕೂಸು."

ನನಗೆ ಅಳು ಬಂತು. ದುಃಖದ್ದಲ್ಲ, ಸಿಟ್ಟಿನದು. ಸತ್ತ ಮೇಲೂ ತಮಗೆ ಬೇಕಾದ್ದನ್ನು ನನ್ನ ಬಾಯಿಂದ ಹೇಳಿಸಿಕೊಂಡ ಮಹಾನುಭಾವರು. ಪುಸ್ತಕದಲ್ಲಿ ಅವರು ನನಗಾಗಿ ಬರೆದ ಸುಳ್ಳಿನ ಋಣ ಅವತ್ತಿಗೆ ತೀರಿತು ಎಂದುಕೊಂಡೆ. ಕ್ಷಮಿಸಲು ಮಾತ್ರ ನನ್ನಿಂದ ಆಗಲಿಲ್ಲ, ಈಗಲೂ ಆಗಿಲ್ಲ. ಚಪ್ಪರದಲ್ಲಿ ಎಲೆ ಹಾಕಿ ಕರೆಯುತ್ತಿದ್ದರು. ಕೈ ತೊಳೆಯುವ ನೆಪ ಮಾಡಿ ಹಿತ್ತಲಿನಿಂದ ಹೊರಬಿದ್ದೆ.

ನಂಜನಗೂಡು ತಲುಪಿದಾಗ ಅಪ್ಪ ಅಂಗಡಿಯಲ್ಲಿದ್ದರು. "ಊಟ ಮಾಡ್ಕಂಡ್ ಬಂದ್ಯಾ?" ಎಂದರು.

"ಇಲ್ಲ" ಎಂದೆ. ಅಪ್ಪ ತಮ್ಮ ಊಟದ ಡಬ್ಬಿ ಬಿಚ್ಚಿ ನನ್ನ ಮುಂದಿಟ್ಟರು.