ನೀರು ಬಿಡುವ ಶಿವಣ್ಣನ ಅರ್ಧ ಸುತ್ತು

ಸಾರಕ್ಕಿಯ ನಮ್ಮ ಬೀದಿಯಲ್ಲಿ, ನೀರು ಬಿಡುವ ಶಿವಣ್ಣ ಬಗ್ಗಿ ಕಬ್ಬಿಣದ ರಾಡಿಗೆ ಕಿವಿ ಇಟ್ಟಿದ್ದರು. ರಾಡಿನ ಇನ್ನೊಂದು ತುದಿ ನೆಲದೊಳಗಿನ ವಾಲ್ವಿನ ಮೇಲಿತ್ತು. ಕುತೂಹಲ ತಡೆಯದೆ ಸ್ಕೂಟರ್ ನಿಲ್ಲಿಸಿದೆ. ಇಂಥ ವಾಲ್ವನ್ನು ಕಂಪ್ಯೂಟರೇ ತಿರುಗಿಸುವಂತೆ ಮಾಡುವುದು ನನ್ನ ಪಿಎಚ್‌.ಡಿ. ಆದರೆ ನನ್ನ ಪ್ರೋಗ್ರಾಮಿನಲ್ಲಿ ನೀರಿನ ಒತ್ತಡ ಏರಿ ಇಳಿದು ಹೊಯ್ದಾಡುತ್ತಿತ್ತೇ ಹೊರತು, ಆರು ತಿಂಗಳಾದರೂ ಹದಕ್ಕೆ ಬಂದಿರಲಿಲ್ಲ.

ಶಿವಣ್ಣ ಅರ್ಧ ಸುತ್ತು ತಿರುಗಿಸಿ ಕೈಕಟ್ಟಿ ನಿಂತುಬಿಟ್ಟರು.

"ಯಾಕಣ್ಣ ನಿಲ್ಲಿಸಿದ್ರಿ?" ಎಂದೆ.

"ಕೊನೇ ಮನೆಗೆ ನೀರು ಮುಟ್ಬೇಕಲ್ಲ ಮೇಡಂ. ಅಲ್ಲೀವರ್ಗೂ ಮತ್ತೆ ಕೈ ಹಾಕ್ಬಾರ್ದು. ಅವಸರಕ್ಕೆ ಜಾಸ್ತಿ ಬಿಟ್ರೆ ಮೊದಲನೇ ಮನೆ ಸಂಪು ತುಂಬಿ ರಸ್ತೆಗೆ ಹರಿಯುತ್ತೆ. ಗಾಬರಿಯಾಗಿ ಮುಚ್ಚಿದ್ರೆ ಕೊನೇ ಮನೆಯೋರು ಬೈತಾರೆ."

ನಾನೂ ರಾಡಿಗೆ ಕಿವಿ ಇಟ್ಟೆ. ಒಳಗಿನ ಭೋರ್ಗರೆತ ನಿಧಾನವಾಗಿ ಒಂದೇ ಸಮನಾಯಿತು. ನನ್ನ ಪ್ರೋಗ್ರಾಮು ಕಾಯದೆ ಪ್ರತಿ ಸೆಕೆಂಡಿಗೂ ವಾಲ್ವು ತಿರುಗಿಸುತ್ತಿತ್ತು!

ಅದಕ್ಕೂ ಕಾಯುವುದನ್ನು ಕಲಿಸಿದೆ, ಹೊಯ್ದಾಟ ನಿಂತಿತು. ಇದನ್ನು ಯಾವ ಸಂಶೋಧನಾ ಪೇಪರ್‌ನಲ್ಲಿ ಓದಿದಿರಿ ಎಂದು ನನ್ನ ಪಿಎಚ್‌.ಡಿ. ಗೈಡ್ ಕೇಳಿದರು. ವಿಷಯ ಹೇಳಿದೆ, ನಕ್ಕರು. ಮುಂದಿನ ಸಲ ನೀರು ಬಿಡುವ ದಿನ, ಇಸ್ತ್ರಿ ಶರ್ಟಿನ ನನ್ನ ಗೈಡ್ ನಮ್ಮ ಬೀದಿಯಲ್ಲಿ ಬಗ್ಗಿ ರಾಡಿಗೆ ಕಿವಿ ಇಟ್ಟಿದ್ದರು.